ರಾತ್ರಿ ಪಾಳಿಯವರಿಗೆ ಗೊತ್ತಿರುವುದು

ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಮತ್ತೆ ಮತ್ತೆ ನೀರು ಕೇಳುವ ರೋಗಿಗೆ ಬಾಯಾರಿಕೆಯೇ ಆಗಿರಬೇಕೆಂದೇನೂ ಇಲ್ಲ. ನಾಲ್ಕಾರು ವರ್ಷ ರಾತ್ರಿ ಪಾಳಿ ಮಾಡಿದ ಯಾವ ನರ್ಸನ್ನು ಕೇಳಿದರೂ ಇದನ್ನು ಹೇಳುತ್ತಾರೆ. ನೀರು ಕೊಟ್ಟರೆ ರೋಗಿ ಎರಡು ಗುಟುಕು ಕುಡಿದು ಲೋಟ ಕೆಳಗಿಡುತ್ತಾನೆ. ಹತ್ತು ನಿಮಿಷ ಬಿಟ್ಟು ಹೊದಿಕೆ ಸರಿಮಾಡಲು ಕರೆಯುತ್ತಾನೆ. ಆಮೇಲೆ ಫ್ಯಾನು ಕಡಿಮೆ ಮಾಡಿ ಎನ್ನುತ್ತಾನೆ, ಕಡಿಮೆ ಮಾಡಿದರೆ ಸೆಕೆ ಎನ್ನುತ್ತಾನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯಾದರೆ ಸಿಡುಕುತ್ತಾಳೆ. ಅವಳ ಕೈಯಲ್ಲಿ ಇನ್ನೆಷ್ಟೋ ರೋಗಿಗಳಿರುತ್ತಾರೆ, ಸಿಡುಕಿದ್ದನ್ನು ತಪ್ಪೆನ್ನುವುದೂ ಕಷ್ಟ. ಹಳಬರು ಹಾಗೆ ಮಾಡುವುದಿಲ್ಲ. ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂರುತ್ತಾರೆ. ನಿಂತವರ ಹತ್ತಿರ ರೋಗಿ ಮಾತಾಡುವುದಿಲ್ಲ, ಕೂತವರ ಹತ್ತಿರ ಮಾತಾಡುತ್ತಾನೆ ಎಂಬುದು ಅವರು ಕಂಡುಕೊಂಡ ಸತ್ಯ. ಎರಡು ನಿಮಿಷ ಸುಮ್ಮನಿದ್ದರೆ ಒಳಗಿದ್ದ ಮಾತು ಹೊರಬರುತ್ತದೆ: "ಸಿಸ್ಟರ್, ನಾನು ಊರಿಗೆ ವಾಪಸ್ ಹೋಗ್ತೀನಾ?"

ಹಗಲು ಈ ಪ್ರಶ್ನೆ ಬರುವುದಿಲ್ಲ. ಹಗಲು ಮಕ್ಕಳಿರುತ್ತಾರೆ, ನೆಂಟರು ಬರುತ್ತಾರೆ, ಎಳನೀರು ಕೊಚ್ಚುವವನ ಸದ್ದು, ರೌಂಡ್ಸು, ರಕ್ತ ತೆಗೆಯುವವರು, ಊಟದ ಗಾಡಿ. ಜೊತೆಗೆ ಹಗಲಿನಲ್ಲಿ ಎಲ್ಲರೂ ಸೇರಿ ಒಂದು ನಾಟಕ ಆಡುತ್ತಿರುತ್ತಾರೆ. ಕಾಯಿಲೆ ಯಾವುದೆಂದು ಅಪ್ಪನಿಗೆ ಹೇಳಬೇಡಿ ಎಂದು ಮಗ ಡಾಕ್ಟರ ಹತ್ತಿರ ಕೈಮುಗಿದು ಬೇಡಿಕೊಂಡಿರುತ್ತಾನೆ. ಡಾಕ್ಟರು 'ನೋಡೋಣ, ಔಷಧಿ ನಡೀತಾ ಇದೆ' ಎಂದಿರುತ್ತಾರೆ. ಅಪ್ಪನಿಗೆ ಮಾತ್ರ ಎಲ್ಲವೂ ಗೊತ್ತು. ಹತ್ತು ವರ್ಷ ಮಾತು ಬಿಟ್ಟಿದ್ದ ತಮ್ಮ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದಾಗಲೇ, ದೂರದೂರಿನ ಮಗಳು ಪರೀಕ್ಷೆ ಇರುವ ಮಕ್ಕಳನ್ನು ಬಿಟ್ಟು ಬಂದಾಗಲೇ, ದೊಡ್ಡ ಡಾಕ್ಟರು ತನ್ನ ಮಂಚದ ಬಳಿ ನಿಲ್ಲುವ ಹೊತ್ತು ದಿನದಿನಕ್ಕೆ ಕಡಿಮೆಯಾಗುತ್ತ ಬಂದಾಗಲೇ ಅವನು ಲೆಕ್ಕ ಹಾಕಿ ಮುಗಿಸಿರುತ್ತಾನೆ. ಗೊತ್ತಿಲ್ಲದವನಂತೆ ಇರುವುದು ಮಕ್ಕಳ ಸಮಾಧಾನಕ್ಕಾಗಿ. ಹೀಗೆ ಒಬ್ಬರನ್ನೊಬ್ಬರು ಕಾಪಾಡುವ ಭರದಲ್ಲಿ ಇಡೀ ಮನೆ ಬಾಯಿ ಕಟ್ಟಿಕೊಂಡು ಕೂತಿರುತ್ತದೆ.

ಈ ಬಾಯಿ ಕಟ್ಟುವಿಕೆಗೆ ದೇಹ ಕೊಡುವ ಬೆಲೆ ಸಣ್ಣದಲ್ಲ. ಭಯ ಹೆಚ್ಚಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆ ಬಡಿತ ಏರುತ್ತದೆ, ನಿದ್ದೆ ಹಾರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಸಹಿಸಬಹುದಾಗಿದ್ದ ನೋವು ಸಹಿಸಲಾಗದ್ದಾಗುತ್ತದೆ. ಅದೇ ಗಡ್ಡೆ, ಅದೇ ಮಾತ್ರೆ. ಆದರೂ ಹಗಲಿನ ನೋವಿಗಿಂತ ರಾತ್ರಿಯ ನೋವು ಹೆಚ್ಚು. ಇದು ಹೊಸ ವಿಚಾರವೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿಯೇ, ಆತಂಕ, ಅನಿಶ್ಚಿತತೆ, ಕಾಯುವಿಕೆ ಇವು ರೋಗಿಯನ್ನು ದಣಿಸುವಷ್ಟು ಮೈಕೆಲಸವೂ ದಣಿಸುವುದಿಲ್ಲ ಎಂಬ ಅರ್ಥದ ಮಾತಿದೆ. ಬಾಗಿಲಾಚೆ ನಿಂತು ಪಿಸುಗುಟ್ಟುವವರನ್ನೂ, 'ನಿಮಗೇನೂ ಆಗಿಲ್ಲ, ಬೇಗ ಗುಣವಾಗ್ತೀರಿ' ಎಂದು ಸುಳ್ಳು ಭರವಸೆ ಕೊಡುವ ಭೇಟಿಗಾರರನ್ನೂ ಆಕೆ ಚೆನ್ನಾಗಿಯೇ ಝಾಡಿಸಿದ್ದಾರೆ. ದೀಪ ಹಿಡಿದ ಮಹಿಳೆ ಎಂದು ಶಾಲಾ ಪುಸ್ತಕಗಳಲ್ಲಿ ಓದುವ ನಮಗೆ ಆಕೆಯ ಈ ಖಾರದ ಮುಖ ಅಷ್ಟಾಗಿ ಪರಿಚಯವಿಲ್ಲ.

ಆಸ್ಪತ್ರೆ ತನ್ನ ಪಾಲಿನ ಒತ್ತಡವನ್ನೂ ಇದಕ್ಕೆ ಸೇರಿಸುತ್ತದೆ. ಐಸಿಯುನಲ್ಲಿ ಹಗಲು ರಾತ್ರಿಗಳ ವ್ಯತ್ಯಾಸವಿಲ್ಲ, ದೀಪ ಆರುವುದಿಲ್ಲ, ಯಂತ್ರಗಳ ಕೂಗು ನಿಲ್ಲುವುದಿಲ್ಲ. ಕನ್ನಡಕ ತೆಗೆದು ಚೀಲದಲ್ಲಿಟ್ಟಿರುತ್ತಾರೆ, ಹಲ್ಲಿನ ಸೆಟ್ಟು ಮನೆಗೆ ಹೋಗಿರುತ್ತದೆ, ಕಿವಿಯ ಯಂತ್ರ ಎಲ್ಲೋ ಕಳೆದಿರುತ್ತದೆ. ಕಾಣದೆ, ಕೇಳದೆ, ಮಾತು ಸ್ಪಷ್ಟವಾಗದೆ ಮಲಗಿದ ಎಪ್ಪತ್ತೈದರ ಹಿರಿಯರು ಸಂಜೆ ಹೊತ್ತಿಗೆ ಅಸಂಬದ್ಧವಾಗಿ ಮಾತಾಡತೊಡಗಿದರೆ 'ಅಜ್ಜನಿಗೆ ಭ್ರಮೆ ಶುರುವಾಯಿತು' ಎನ್ನುತ್ತಾರೆ. ಟ್ಯೂಬು ಕಿತ್ತುಕೊಳ್ಳುತ್ತಾರೆಂದು ಕೈಗಳನ್ನು ಮಂಚಕ್ಕೆ ಕಟ್ಟುತ್ತಾರೆ. ತಿಳಿದ ನರ್ಸು ಮೊದಲು ಹುಡುಕುವುದು ಕನ್ನಡಕವನ್ನು. ಗೋಡೆ ಗಡಿಯಾರ ಕಾಣುವಂತೆ ಮಂಚ ತಿರುಗಿಸುವುದು, ಸೂಜಿ ಚುಚ್ಚುವ ಮೊದಲು 'ಈಗ ಚುಚ್ತೀನಿ ಅಜ್ಜ' ಎನ್ನುವುದು, ಮಗ್ಗುಲು ಬದಲಿಸುವ ಮೊದಲು 'ಎಡಕ್ಕೆ ತಿರುಗಿಸ್ತೀವಿ' ಎಂದು ತಿಳಿಸುವುದು, ಇವಕ್ಕೆ ಯಾವ ಬಿಲ್ಲಿನಲ್ಲೂ ಕಾಲಂ ಇಲ್ಲ. ಆದರೆ ಹೇಳಿ ಮುಟ್ಟಿದ ಕೈಗೂ ಹೇಳದೆ ಮುಟ್ಟಿದ ಕೈಗೂ ನಾಡಿಯಲ್ಲೇ ವ್ಯತ್ಯಾಸ ಕಾಣುತ್ತದೆ.

ಇಂಥ ತಿಳಿವಳಿಕೆಯನ್ನು ವೈದ್ಯಶಾಸ್ತ್ರದೊಳಗೆ ತಂದು ಕೂರಿಸಿದವರೂ ನರ್ಸಾಗಿ ಆರಂಭಿಸಿದವರೇ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ (1918-2005) ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿ ಪಡೆದರು. ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಗಿ ಬಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಆಗ ಸಿಕ್ಕಿದವರು ವಾರ್ಸಾದಿಂದ ಬಂದ ಡೇವಿಡ್ ತಾಸ್ಮಾ ಎಂಬ ಯಹೂದಿ. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ, ಕ್ಯಾನ್ಸರ್ ಆಗಿತ್ತು. ಸಾಂಡರ್ಸ್ ಮತ್ತೆ ಮತ್ತೆ ಹೋಗಿ ಆತನ ಬಳಿ ಕೂತು ಮಾತಾಡಿದರು. ಸಾಯುವವರಿಗೆ ಎಂಥ ಜಾಗ ಬೇಕು ಎಂದು ಇಬ್ಬರೂ ಚರ್ಚಿಸುತ್ತಿದ್ದರು. 1948ರಲ್ಲಿ ತೀರಿಕೊಂಡ ತಾಸ್ಮಾ, ನಿನ್ನ ಮನೆಗೆ ಒಂದು ಕಿಟಕಿಯಾಗಿರಲಿ ಎಂದು 500 ಪೌಂಡ್ ಬಿಟ್ಟುಹೋದರು. ಸಾಯುವವರಿಗಾಗಿ ಏನಾದರೂ ಮಾಡಬೇಕೆಂದರೆ ಮೊದಲು ಡಾಕ್ಟರಾಗು, ನರ್ಸಿನ ಮಾತನ್ನು ಯಾರು ಕೇಳುತ್ತಾರೆ ಎಂದು ತಿಳಿದವರೊಬ್ಬರು ಬುದ್ಧಿ ಹೇಳಿದ್ದರಿಂದ ಸಾಂಡರ್ಸ್ ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಲು ಸೇರಿ 1957ರಲ್ಲಿ ಪಾಸಾದರು. 1967ರಲ್ಲಿ ಲಂಡನ್ನಿನ ದಕ್ಷಿಣಕ್ಕೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆಯಿತು. ತಾಸ್ಮಾ ಹೆಸರಿನ ಕಿಟಕಿಯೂ ಅಲ್ಲಿದೆ. ನರ್ಸಾಗಿ ಕಂಡದ್ದನ್ನು ನಾಲ್ಕು ಜನ ಕೇಳಬೇಕಾದರೆ ಡಾಕ್ಟರಾಗಿ ಬರಬೇಕಾಯಿತು ಎಂಬುದು ಈ ಕಥೆಯ ಕಹಿ ತುಣುಕು.

ಸಾಂಡರ್ಸ್ ಹೇಳಿದ ದೊಡ್ಡ ಮಾತು ಸಮಗ್ರ ನೋವು ಎಂಬುದು. ಮೈಯ ನೋವು ಒಂದು ಪಾಲು, ಮನಸ್ಸಿನದು ಇನ್ನೊಂದು, ಮಗಳ ಮದುವೆ, ಬ್ಯಾಂಕಿನ ಸಾಲ, ಪಹಣಿಯಲ್ಲಿ ಇನ್ನೂ ಬದಲಾಗದ ಹೆಸರು (ಇವು ನಮ್ಮ ಕಡೆಯ ಉದಾಹರಣೆಗಳು) ಮತ್ತೊಂದು, 'ನಾನೇನು ಪಾಪ ಮಾಡಿದ್ದೆ' ಎಂಬುದು ಮಗದೊಂದು. ನಾಲ್ಕೂ ಹೆಣೆದುಕೊಂಡಿರುವುದರಿಂದ ಒಂದನ್ನೇ ಹಿಡಿದೆಳೆದರೆ ಗಂಟು ಬಿಚ್ಚುವುದಿಲ್ಲ. ಇದರ ಜೊತೆಗೆ ಅವರು ಮಾಡಿ ತೋರಿಸಿದ ಇನ್ನೊಂದು ಕೆಲಸವೆಂದರೆ ಗಡಿಯಾರ ನೋಡಿ ಮಾರ್ಫಿನ್ ಕೊಡುವುದು. ನೋವು ಬಂದು, ರೋಗಿ ನರಳಿ, ಬೇಡಿ, ಆಮೇಲೆ ಇಂಜೆಕ್ಷನ್ ಕೊಡುವುದು ಹಳೆಯ ಪದ್ಧತಿ. ಅದರಲ್ಲಿ ಇದ್ದ ನೋವಿಗಿಂತ ಮುಂದೆ ಬರಲಿರುವ ನೋವಿನ ಹೆದರಿಕೆಯೇ ದೊಡ್ಡದು. ನಾಲ್ಕು ಗಂಟೆಗೊಮ್ಮೆ, ನೋವು ತಲೆಯೆತ್ತುವ ಮೊದಲೇ, ಬಾಯಿಂದ ನುಂಗುವ ಔಷಧಿ ಕೊಟ್ಟರೆ ಆ ಹೆದರಿಕೆ ಕರಗುತ್ತದೆ. ಹೆದರಿಕೆ ಕರಗಿದರೆ ಔಷಧಿಯೂ ಚೆನ್ನಾಗಿ ಹಿಡಿಯುತ್ತದೆ. ರೋಗಿ ಚಟಕ್ಕೆ ಬೀಳುತ್ತಾನೆಂಬ ಭಯಕ್ಕೆ, ಕೊನೆಯ ಹಂತದ ಕ್ಯಾನ್ಸರ್ ನೋವಿಗೆ ಅಳೆದು ಕೊಡುವ ಕಡೆ, ಹೆಚ್ಚಿನ ಆಧಾರವಿಲ್ಲ. ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಗೂ ಔಷಧಿ ಶುರುವಾಗಬೇಕು ಎಂಬುದು ಮಾತ್ರ ಮರೆಯಬಾರದ ಮಾತು. ಚೀಟಿಯಲ್ಲಿ ಅದು ಬಿಟ್ಟುಹೋಗಿದ್ದರೆ ಜ್ಞಾಪಿಸುವುದು ಸಾಮಾನ್ಯವಾಗಿ ನರ್ಸೇ.

ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಗಳ ಔಷಧಿಗೂ ಕೊಡುವ ನಮ್ಮ ದೇಶದಲ್ಲಿ ನಮ್ಮ ರೋಗಿಗಳಿಗೆ ಮಾರ್ಫಿನ್ ಸಿಗದೆ ಹೋದದ್ದು ವಿಚಿತ್ರ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಗೆ ಹೆದರಿ ಆಸ್ಪತ್ರೆಗಳು, ಔಷಧಿ ಅಂಗಡಿಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. 1997ರಲ್ಲಿ ಇಡೀ ದೇಶದ ಬಳಕೆ ಸುಮಾರು 18 ಕಿಲೋಗೆ ಇಳಿದಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಹಲವು ಪರವಾನಗಿಗಳ ಬದಲು ಒಂದೇ ಸಾಕೆಂದಾಯಿತು. ಆದರೂ ತಾಲ್ಲೂಕು ಮಟ್ಟದಲ್ಲಿ ಮಾರ್ಫಿನ್ ಮಾತ್ರೆ ಸಿಗುವುದು ಇವತ್ತಿಗೂ ಸುಲಭವಲ್ಲ. ಈ ದಾರಿಯಲ್ಲಿ ಮುಂದೆ ಹೋದದ್ದು ಪಕ್ಕದ ಕೇರಳ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಆರಂಭಿಸಿದ ನೋವು ಶಮನ ಕೇಂದ್ರ ಮುಂದೆ ಊರೂರಿಗೆ ಹರಡಿತು. 2008ರಲ್ಲಿ ಆ ರಾಜ್ಯ ಇದಕ್ಕೆಂದೇ ಒಂದು ನೀತಿ ಮಾಡಿತು. ಅಲ್ಲಿ ಪಂಚಾಯಿತಿಯ ನರ್ಸು ಚೀಲ ಹಿಡಿದು ಮನೆಮನೆಗೆ ಹೋಗುವುದು ಈಗ ಸಾಮಾನ್ಯ ನೋಟ. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯವಿದೆ. ಅದರ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಮಾರತಹಳ್ಳಿಯ ಆಚೆ ಅದರ ಕಟ್ಟಡ ತೆರೆದದ್ದು 1999ರಲ್ಲಿ. ಇನ್ನು ಗುಣವಾಗದು ಎಂದಾದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣ ತೆಗೆದುಕೊಳ್ಳದೆ ಆರೈಕೆ ಮಾಡುತ್ತಾರೆ.

ಇಂಥ ಕಡೆ ಕೆಲಸ ಮಾಡುವ ನರ್ಸುಗಳ ಜ್ಞಾನ ಎಂಥದ್ದೆಂಬುದಕ್ಕೆ ಒಂದು ಉದಾಹರಣೆ ಸಾಕು: ವಾಸನೆ. ಬಾಯಿಯ, ಸ್ತನದ ಕ್ಯಾನ್ಸರ್ ಚರ್ಮ ಒಡೆದು ಹುಣ್ಣಾದಾಗ ಬರುವ ವಾಸನೆ ತಡೆಯಲಾಗದಂಥದ್ದು. ಹೊಗೆಸೊಪ್ಪು, ಗುಟ್ಕಾದಿಂದಾಗಿ ಬಾಯಿ ಕ್ಯಾನ್ಸರ್ ನಮ್ಮಲ್ಲಿ ಕಡಿಮೆಯೇನೂ ಅಲ್ಲ. ಮನೆಯವರು ರೋಗಿಯನ್ನು ಹಿಂದಿನ ಕೋಣೆಗೋ ಕೊಟ್ಟಿಗೆಯ ಪಕ್ಕಕ್ಕೋ ಸಾಗಿಸುತ್ತಾರೆ; ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ; ತಟ್ಟೆ ಬಾಗಿಲಲ್ಲಿಟ್ಟು ಬರುತ್ತಾರೆ. ಅವರು ಕೆಟ್ಟವರಲ್ಲ, ಊಟ ಸೇರದೆ ಹಾಗೆ ಮಾಡುತ್ತಾರೆ. ರೋಗಿಗೂ ಅದು ಗೊತ್ತಿರುವುದರಿಂದ ನಾಚಿಕೆಯಿಂದ ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ. ಇದಕ್ಕೆ ನರ್ಸುಗಳು ಮಾಡುವ ಉಪಾಯ ಸರಳ. ಹೊಟ್ಟೆಯ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ, ಉಪ್ಪುನೀರಲ್ಲಿ ತೊಳೆದ ಹುಣ್ಣಿನ ಮೇಲೆ ಉದುರಿಸಿ ಡ್ರೆಸಿಂಗ್ ಕಟ್ಟುತ್ತಾರೆ. ವಾಸನೆಗೆ ಕಾರಣವಾದ ಸೂಕ್ಷ್ಮಾಣುಗಳು ಕಡಿಮೆಯಾಗಿ ಕೆಲವೇ ದಿನಗಳಲ್ಲಿ ಕೋಣೆಯ ಗಾಳಿ ಬದಲಾಗುತ್ತದೆ. ಮಾತ್ರೆಯ ಬೆಲೆ ಒಂದೆರಡು ರೂಪಾಯಿ. ಕ್ಯಾನ್ಸರ್ ಅಲ್ಲೇ ಇರುತ್ತದೆ, ಆದರೆ ಹೆಂಡತಿ ಮತ್ತೆ ಪಕ್ಕದಲ್ಲಿ ಕೂತು ಅನ್ನ ಕಲಸಿ ಕೊಡುತ್ತಾಳೆ. ಯಾವ ಸ್ಕ್ಯಾನಿಂಗಿನಲ್ಲೂ ಕಾಣದ ಈ ಸುಧಾರಣೆಯನ್ನು ರೋಗಿಯ ಮುಖದಲ್ಲಿ ನೋಡಬೇಕು.

ಕೊನೆಯ ದಿನಗಳ ವಿಷಯಕ್ಕೆ ಬಂದರೆ, ಮನೆಯವರನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸುವುದು ಊಟ. 'ನಾಲ್ಕು ದಿನದಿಂದ ಒಂದಗುಳು ಒಳಗೆ ಹೋಗಿಲ್ಲ ಸಿಸ್ಟರ್, ಹಸಿವಿಂದಲೇ ಹೋಗ್ಬಿಡ್ತಾರೆ' ಎಂದು ಸೊಸೆ ಅಳುತ್ತಾಳೆ. ನಮ್ಮ ಸಂಸಾರಗಳಲ್ಲಿ ಪ್ರೀತಿಯೆಂದರೆ ಉಣ್ಣಿಸುವುದೇ ಆಗಿರುವುದರಿಂದ ಈ ಸಂಕಟ ಸಹಜ. ಆದರೆ ನರ್ಸಿಗೆ ತಿಳಿದಿರುವುದು ಬೇರೆ. ಉಣ್ಣದೆ ಇರುವುದರಿಂದ ಸಾವು ಬರುತ್ತಿಲ್ಲ. ಸಾವು ಹತ್ತಿರವಾದ್ದರಿಂದ ಊಟ ಬೇಡವಾಗಿದೆ. ಕರುಳು ನಿಧಾನವಾಗಿದೆ, ಹಸಿವು ಅಡಗಿದೆ. ಬಲವಂತವಾಗಿ ಸುರಿದ ಗಂಜಿ ಶ್ವಾಸಕೋಶಕ್ಕೆ ಹೋಗಬಹುದು. ಡ್ರಿಪ್ ಹಾಕಿಸಿದರೆ ಮನೆಯವರಿಗೆ ಏನೋ ಮಾಡಿದ ತೃಪ್ತಿ, ಆದರೆ ಸೋತ ಮೂತ್ರಪಿಂಡಗಳು ಹೊರಹಾಕಲಾಗದ ಆ ನೀರು ಕಾಲುಗಳಲ್ಲಿ ಬಾವಾಗಿ, ಎದೆಯಲ್ಲಿ ಕಫವಾಗಿ ನಿಲ್ಲುತ್ತದೆ. ಆಗ ಬೇಕಾಗುವುದು ಹೊಟ್ಟೆಗಲ್ಲ, ಬಾಯಿಗೆ. ಬಾಯಿ ಒಣಗುತ್ತದೆ, ತುಟಿ ಬಿರಿಯುತ್ತದೆ. ಒದ್ದೆ ಹತ್ತಿಯಲ್ಲಿ ನಾಲಗೆ ಒರೆಸುವುದು, ತುಟಿಗೆ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ಸವರುವುದು, ಎಚ್ಚರವಿದ್ದರೆ ಚಮಚೆಯ ತುದಿಯಲ್ಲಿ ನೀರು. ತುಳಸಿ ನೀರೆಂದು, ಗಂಗೆಯೆಂದು, ಜಮ್‌ಜಮ್ ನೀರೆಂದು ಹನಿ ಹನಿಯಾಗಿ ಬಾಯಿಗೆ ಬಿಡುವ ನಮ್ಮ ಹಿರಿಯರ ಪದ್ಧತಿಗೂ ಇದಕ್ಕೂ ಬಹಳ ದೂರವಿಲ್ಲ. ಬಾಯಿ ತೇವ ಮಾಡುವ ಕೆಲಸವನ್ನು ಆ ಸೊಸೆಯ ಕೈಗೇ ಕೊಡುವುದು ಜಾಣ ನರ್ಸಿನ ಲಕ್ಷಣ. ಅಳುವವರಿಗೆ ಮಾಡಲು ಏನಾದರೂ ಬೇಕು.

ಎರಡನೆಯದು ಚಡಪಡಿಕೆ. ಪ್ರಜ್ಞೆ ಮಂಕಾದ ರೋಗಿ ಇದ್ದಕ್ಕಿದ್ದಂತೆ ಹೊದಿಕೆ ಕಿತ್ತೆಸೆಯುತ್ತಾನೆ, ಏಳಲು ಹೋಗುತ್ತಾನೆ, ಕಾಲು ಝಾಡಿಸುತ್ತಾನೆ. ಯಮನನ್ನು ಕಂಡು ಹೆದರಿದ್ದಾನೆಂದು ಮನೆಯವರು. ನಿದ್ದೆ ಔಷಧಿ ಕೊಡೋಣವೆಂದು ಹೊಸ ಡಾಕ್ಟರು. ಪಳಗಿದ ನರ್ಸು ಎರಡು ಬೆರಳಿನಿಂದ ಹೊಕ್ಕುಳ ಕೆಳಗೆ ಮೆಲ್ಲಗೆ ಒತ್ತಿ ನೋಡುತ್ತಾರೆ. ಅಲ್ಲಿ ಗಟ್ಟಿಯಾಗಿದ್ದರೆ ಮೂತ್ರ ಕಟ್ಟಿದೆ. ಒಂದು ನಳಿಕೆ ಹಾಕಿದೊಡನೆ ಯಮ ಹೊರಟುಹೋಗುತ್ತಾನೆ! ಅದೂ ಅಲ್ಲವಾದರೆ ಮಲ ಕಟ್ಟಿರಬಹುದು, ಬೆನ್ನಡಿ ಸುಕ್ಕಾದ ಒದ್ದೆ ಚಾದರವಿರಬಹುದು, ಮೂರು ಗಂಟೆಯಿಂದ ಮಗ್ಗುಲು ಬದಲಿಸಿರಲಿಕ್ಕಿಲ್ಲ. ಹೇಳಿಕೊಳ್ಳಲಾಗದ ನೋವಿರಬಹುದು. ಹುಬ್ಬು ಗಂಟಿಕ್ಕಿರುವುದನ್ನು, ಮುಷ್ಟಿ ಬಿಗಿದಿರುವುದನ್ನು ನೋಡಿ ಅದನ್ನು ಹೇಳುತ್ತಾರೆ. ಎಲ್ಲ ನೋಡಿಯೂ ಕಾರಣ ಸಿಗದಿದ್ದಾಗ ಔಷಧಿಯ ಸರದಿ.

ಮೂರನೆಯದು ಉಸಿರಾಟ. ಮೇಲುಸಿರು ಎಂದು ಹಳ್ಳಿಯಲ್ಲಿ ಕರೆಯುವುದನ್ನು ನರ್ಸು ಹಂತ ಹಂತವಾಗಿ ಗುರುತಿಸುತ್ತಾರೆ: ಉಸಿರು ಆಳವಾಗುತ್ತ ಹೋಗಿ, ಮೇಲುಮೇಲಾಗಿ, ನಿಂತೇ ಹೋಯಿತೆನ್ನುವಷ್ಟು ನಿಂತು, ಮತ್ತೆ ಶುರುವಾಗುತ್ತದೆ. ಪಾದ ತಣ್ಣಗಾಗುತ್ತದೆ, ಮಂಡಿಯ ಸುತ್ತ ನೀಲಿ ಮಚ್ಚೆ ಕಾಣುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಆ ಸದ್ದು ಕೇಳುವವರಿಗೆ ನರಕ. ನುಂಗುವ ಶಕ್ತಿ ಹೋದದ್ದರಿಂದ ನಿಂತ ಎಂಜಲಿನ ಸದ್ದು ಅದು, ಆ ಹೊತ್ತಿಗೆ ರೋಗಿಗೆ ಅದರ ಅರಿವು ಹೆಚ್ಚಿರುವುದಿಲ್ಲ. ಯಂತ್ರದಿಂದ ಗಂಟಲೊಳಗೆ ಹೀರಿಸಿದರೆ ಕಷ್ಟವೇ ಹೆಚ್ಚು; ಒಂದು ಮಗ್ಗುಲಿಗೆ ತಿರುಗಿಸಿ ತಲೆ ತುಸು ಎತ್ತರಿಸಿದರೆ ಬಹಳ ಸಲ ಅದೇ ಸಾಕಾಗುತ್ತದೆ. ಇದನ್ನು ಮನೆಯವರಿಗೆ ಒಂದು ದಿನ ಮೊದಲೇ ಹೇಳಿಟ್ಟರೆ, ಆ ಸದ್ದು ಬಂದಾಗ ಅವರು ಆಟೋ ಹಿಡಿದು ನಡುರಾತ್ರಿ ಆಸ್ಪತ್ರೆಗೆ ಓಡುವುದಿಲ್ಲ. ಹೀಗೆ ಓಡಿ, ದಾರಿಯಲ್ಲೇ ಪ್ರಾಣ ಹೋದವರ ಲೆಕ್ಕ ಇಟ್ಟವರಿಲ್ಲ.

ಕಿವಿಯ ಸಂಗತಿಯೊಂದಿದೆ. ಕೊನೆಗೆ ಹೋಗುವುದು ಕಿವಿ, ಆದ್ದರಿಂದ ಮಂಚದ ಬಳಿ ಆಸ್ತಿಯ ಮಾತು ಬೇಡ ಎಂದು ನರ್ಸುಗಳು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಅದೊಂದು ನಂಬಿಕೆ ಎಂದೇ ಉಳಿದವರು ತಿಳಿದಿದ್ದರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಹಾಸ್ಪಿಸಿನಲ್ಲಿದ್ದ, ಪ್ರತಿಕ್ರಿಯೆ ನಿಂತುಹೋಗಿದ್ದ ರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 2020ರಲ್ಲಿ ಪ್ರಕಟಿಸಿದರು. ಸಾವಿಗೆ ಕೆಲವೇ ಗಂಟೆಗಳಿರುವಾಗಲೂ ಕೆಲವರ ಮಿದುಳು ಶಬ್ದಗಳಿಗೆ ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತ್ತು. ಕೇಳಿದ್ದು ಅರ್ಥವಾಗುತ್ತದೆಯೇ ಎಂಬುದು ಅದರಿಂದ ತಿಳಿಯದು. ಆದರೂ ಹೊಲದ ಭಾಗದ ಮಾತನ್ನು ಆಚೆ ಕಾರಿಡಾರಿನಲ್ಲಿ ಆಡಲು ಇಷ್ಟು ಕಾರಣ ಸಾಲದೇ? ನರ್ಸುಗಳು ಹೇಳುವ ಇನ್ನೊಂದು ಅನುಭವಕ್ಕೆ ಮಾತ್ರ ಯಾವ ಯಂತ್ರದ ಸಾಕ್ಷಿಯೂ ಇಲ್ಲ: ಮೂರು ದಿನ ಕಣ್ಣೆವೆ ಮುಚ್ಚದೆ ಕೂತಿದ್ದ ಮಗ ಕಾಫಿಗೆಂದು ಹೊರಹೋದ ಹತ್ತೇ ನಿಮಿಷದಲ್ಲಿ ಎಷ್ಟೋ ಜೀವಗಳು ಹೊರಡುತ್ತವೆ. ಕೊನೆಗಾಲದಲ್ಲಿ ಹತ್ತಿರವಿರಲಿಲ್ಲವೆಂದು ಆ ಮಗ ಜೀವನವಿಡೀ ಕೊರಗುತ್ತಾನೆ. ಹೀಗಾಗುವುದು ಸಾಮಾನ್ಯ, ಹಲವರು ಹಾಗೇ ಹೋಗುತ್ತಾರೆ ಎಂದು ಸಿಸ್ಟರ್ ಒಂದು ಮಾತು ಹೇಳಿದರೆ ಆ ಕೊರಗು ಸ್ವಲ್ಪವಾದರೂ ಹಗುರಾಗುತ್ತದೆ.

ಇನ್ನು ಆ ರಾತ್ರಿಯ ಪ್ರಶ್ನೆ. ನರ್ಸು ಏನೆಂದು ಉತ್ತರಿಸಬೇಕು? 'ಖಂಡಿತ ಹೋಗ್ತೀರಿ' ಎನ್ನುವುದು ಸುಳ್ಳು. ರೋಗ ಯಾವುದು, ಎಷ್ಟು ದಿನ ಎಂದು ಹೇಳುವ ಅಧಿಕಾರ ಆಕೆಗಿಲ್ಲ. ಡಾಕ್ಟರನ್ನೇ ಕೇಳಿ ಎಂದು ಎದ್ದು ಹೋದರೆ ಮತ್ತೆ ಆ ಬಾಯಿ ತೆರೆಯುವುದಿಲ್ಲ. ಈ ಇಕ್ಕಟ್ಟಿನಲ್ಲಿ ಅನುಭವಿಗಳು ಹಿಡಿಯುವ ದಾರಿ ತಿರುಗಿ ಕೇಳುವುದು. "ನಿಮಗೇನನ್ನಿಸುತ್ತೆ ಅಜ್ಜ?" "ಹೋಗಲ್ಲ ಅನ್ನಿಸುತ್ತೆ ತಾಯಿ." "ಹೋಗದೆ ಇದ್ರೆ, ಏನ್ ಆಗ್ಬೇಕಿತ್ತು ಅಂತ ಮನಸ್ಸಲ್ಲಿದೆ?" ಅಲ್ಲಿಂದ ಹೊರಡುವ ಮಾತು ಸಾವಿನ ಬಗ್ಗೆ ಇರುವುದೇ ಅಪರೂಪ. ಚಿಕ್ಕ ಮಗನ ಹೆಸರಿಗೆ ಎರಡು ಎಕರೆ ಮಾಡಿಸಬೇಕಿತ್ತು. ತಮ್ಮನ ಹತ್ತಿರ ಒಂದು ಮಾತಾಡಬೇಕಿತ್ತು. ಮನೆಯಲ್ಲೇ ಪ್ರಾಣ ಬಿಡಬೇಕಿತ್ತು, ಈ ಮಂಚದ ಮೇಲಲ್ಲ. ಮಾರನೆಯ ದಿನ ಅದನ್ನು ಮಗನಿಗೆ ಮುಟ್ಟಿಸುವುದು, ರೌಂಡ್ಸಿನಲ್ಲಿ ಡಾಕ್ಟರ ಕಿವಿಗೆ ಹಾಕುವುದು ಆಕೆಯಿಂದ ಆಗುವ ಕೆಲಸ. ಮನೆಯವರಿಗೂ ಆಕೆ ಕೇಳುವುದು ಇದನ್ನೇ: "ನೀವು ಹೇಳಬೇಡಿ ಅಂದ್ರಿ. ಅವರೇ ಕೇಳಿದ್ರೆ ಏನು ಹೇಳ್ಲಿ?" ಸುಳ್ಳು ಹೇಳಿ ಎನ್ನಲು ಬಹಳಷ್ಟು ಮಕ್ಕಳಿಗೆ ಬಾಯಿ ಬರುವುದಿಲ್ಲ. ಎಲ್ಲ ರೋಗಿಗಳಿಗೂ ಎಲ್ಲವನ್ನೂ ಹೇಳಲೇಬೇಕೆಂಬುದು ಇದರ ಅರ್ಥವಲ್ಲ. ತಿಳಿಯುವುದು ಬೇಡ ಎನ್ನುವವರಿದ್ದಾರೆ, ಅವರ ಮಾತೂ ಮಾತೇ. ಆದರೆ ಬೇಡ ಎನ್ನಬೇಕಾದವರು ರೋಗಿ, ನೆಂಟರಲ್ಲ.

ಆಕೆಯ ಮಾತಿಗೆ ಆಸ್ಪತ್ರೆಯಲ್ಲಿ ಎಷ್ಟು ತೂಕ? ಹೆಸರು ಬದಲಾಗಿದೆ. ದಾದಿ ಹೋಗಿ ಸ್ಟಾಫ್ ನರ್ಸ್, ಅದೂ ಹೋಗಿ ಶುಶ್ರೂಷಣಾಧಿಕಾರಿ ಆಗಿದೆ. ಜನ ಮಾತ್ರ ಹೆಂಗಸಾದರೆ ಸಿಸ್ಟರ್, ಗಂಡಸಾದರೆ ಬ್ರದರ್ ಎನ್ನುತ್ತಾರೆ. ತೂಕ ಅಷ್ಟಕ್ಕಷ್ಟೆ. ಒಂದು ಸಲ ನರ್ಸುಗಳ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದದ್ದಿದೆ, ಅದೂ ನಮ್ಮ ಉತ್ತರ ಕನ್ನಡದ ಹೆಣ್ಣುಮಗಳ ಕಾರಣದಿಂದ. ಹೊನ್ನಾವರ ತಾಲ್ಲೂಕು ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅಲ್ಲಿನ ನೌಕರನೊಬ್ಬ ನಡೆಸಿದ ದೌರ್ಜನ್ಯದಲ್ಲಿ ಮಿದುಳಿಗೆ ಆಮ್ಲಜನಕ ಸಿಗದೆ ಹೋಗಿ, ಆಕೆ ಮತ್ತೆ ಮೊದಲಿನಂತಾಗಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಮೀರಿ, ಅದೇ ಆಸ್ಪತ್ರೆಯ ನರ್ಸುಗಳು ತಲೆಮಾರಿನಿಂದ ತಲೆಮಾರಿಗೆ ಆಕೆಯನ್ನು ನೋಡಿಕೊಂಡರು. ಆಕೆಗೆ ದಯಾಮರಣ ಕೊಡಬೇಕೆಂದು ಲೇಖಕಿ ಪಿಂಕಿ ವಿರಾನಿ ಹೂಡಿದ ಮೊಕದ್ದಮೆಯಲ್ಲಿ 2011ರ ಮಾರ್ಚ್ 7ರಂದು ತೀರ್ಪು ಬಂದಾಗ, ಅರುಣಾ ಪರವಾಗಿ ಮಾತಾಡುವ ಹಕ್ಕು ಲೇಖಕಿಯದಲ್ಲ, ಅಷ್ಟು ವರ್ಷ ಹಗಲಿರುಳು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದು ಎಂದು ನ್ಯಾಯಾಲಯ ಹೇಳಿತು. ಅಷ್ಟು ದೀರ್ಘ ಕಾಲ ಹಾಸಿಗೆ ಹಿಡಿದಿದ್ದರೂ ಆಕೆಗೆ ಹಾಸಿಗೆ ಹುಣ್ಣಾಗಲಿಲ್ಲ ಎಂಬುದು ಎಲ್ಲರೂ ಬೆರಗಾದ ಸಂಗತಿ.

ಆ ಬದುಕು ಅಷ್ಟು ಉದ್ದ ಎಳೆಯಬೇಕಿತ್ತೆ ಎಂದು ಅಂದೂ ಕೇಳಿದವರಿದ್ದರು, ಇಂದೂ ಇದ್ದಾರೆ. ಅದು ನ್ಯಾಯವಾದ ಪ್ರಶ್ನೆಯೇ. ಹುಣ್ಣಾಗದಂತೆ ನೋಡಿಕೊಳ್ಳುವ ಕೈಗೆ, ಬಿಟ್ಟುಕೊಡುವುದು ಯಾವಾಗ ಎಂದು ತಿಳಿಯುವುದು ಬಹುಶಃ ಇನ್ನಷ್ಟು ಕಷ್ಟ. ಮರಣವನ್ನು ಕೊಡುವುದಕ್ಕೂ, ಬರುತ್ತಿರುವ ಮರಣವನ್ನು ಯಂತ್ರದಿಂದ ತಡೆಯದೆ ಇರುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಆ ತೀರ್ಪೇ ಬಾಗಿಲು ತೆರೆಯಿತು. 2018ರ ಮಾರ್ಚ್ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿ, ತನಗೆ ಯಾವ ಚಿಕಿತ್ಸೆ ಬೇಡ ಎಂದು ಆರೋಗ್ಯವಾಗಿದ್ದಾಗಲೇ ಬರೆದಿಡಲು ಅವಕಾಶ ಕೊಟ್ಟಿತು. ನಿಯಮಗಳು ತೊಡಕಾಗಿದ್ದವು. 2023ರ ಜನವರಿಯಲ್ಲಿ ಸಡಿಲವಾದವು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರಾಯಿತು. ವೈದ್ಯರ ಎರಡು ಮಂಡಳಿಗಳು ಒಪ್ಪಿದರೆ ವೆಂಟಿಲೇಟರಿನಂಥ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬಹುದು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಮಾತ್ರೆಗಳ ಡಬ್ಬಿಯ ಪಕ್ಕದಲ್ಲೇ ಆ ಕಾಗದ ಇರಬೇಕು, ಬೀರುವಿನ ಲಾಕರಿನಲ್ಲಿಟ್ಟರೆ ಬೇಕಾದಾಗ ಸಿಗುವುದಿಲ್ಲ.

ಕಾಗದದಲ್ಲಿ ಬರೆಯದೆ ಇರುವುದು ಯಂತ್ರ ತೆಗೆದ ಮೇಲಿನ ಗಂಟೆಗಳ ಸಂಗತಿ. ಚಿಕಿತ್ಸೆ ನಿಲ್ಲಿಸಿದರು ಎಂದರೆ ಆರೈಕೆಯೂ ನಿಂತಿತು ಎಂದು ಜನ ತಿಳಿಯುತ್ತಾರೆ; ಕೆಲವು ವಾರ್ಡುಗಳಲ್ಲಿ ನಿಜವಾಗಿಯೂ ಹಾಗಾಗುತ್ತದೆ, ಪರದೆ ಎಳೆದು ಎಲ್ಲರೂ ಬೇರೆ ಮಂಚದ ಕಡೆ ಹೋಗುತ್ತಾರೆ. ಉಪಶಮನ ಆರೈಕೆಯಲ್ಲಿ ಆ ಹೊತ್ತಿಗೇ ಕೆಲಸ ಹೆಚ್ಚು. ಉಸಿರು ಕಟ್ಟದಂತೆ ಮೊದಲೇ ಮಾರ್ಫಿನ್ ಕೊಟ್ಟಿರಬೇಕು, ಕೂಗುವ ಯಂತ್ರಗಳನ್ನು ಆರಿಸಿರ್ಬೇಕು, ಮಂಚದ ಕಂಬಿ ಇಳಿಸಿ ಹೆಂಡತಿ ಕೈ ಹಿಡಿದು ಕೂರುವಂತೆ ಮಾಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು, ಬಾಯಿಗೆ ತೇವ.

ಸಾವಾದ ಮೇಲೂ ಪಾಳಿ ಮುಗಿಯುವುದಿಲ್ಲ. ಡಾಕ್ಟರು ಬಂದು ನೋಡಿ ಸಮಯ ಬರೆದು ಹೋದ ನಂತರ ನರ್ಸು ಕಣ್ಣೆವೆ ಮುಚ್ಚುತ್ತಾರೆ, ಸೂಜಿ ನಳಿಕೆಗಳನ್ನು ತೆಗೆಯುತ್ತಾರೆ, ಕೆನ್ನೆಗೆ ಅಂಟಿದ ಪ್ಲಾಸ್ಟರಿನ ಗುರುತನ್ನು ಸ್ಪಿರಿಟ್ಟಿನಿಂದ ಒರೆಸುತ್ತಾರೆ. ಮೈ ಒರೆಸುವಾಗಲೂ ಅನೇಕರು 'ಸ್ವಲ್ಪ ತಿರುಗಿಸ್ತೀವಿ ಅಜ್ಜ' ಎಂದೇ ಹೇಳುವುದು ಕಂಡುಬರುತ್ತದೆ. ಅಭ್ಯಾಸಬಲವೆಂದು ಕೇಳಿದವರಿಗೆ ಹೇಳುತ್ತಾರೆ. ಒಂದೆರಡು ಗಂಟೆಗಳಲ್ಲಿ ದವಡೆ ಸೆಟೆದುಕೊಳ್ಳತೊಡಗುತ್ತದೆ. ಅದಕ್ಕೆ ಮೊದಲೇ ಮನೆಗೆ ಹೋಗಿದ್ದ ಹಲ್ಲಿನ ಸೆಟ್ಟನ್ನು ತರಿಸಿ ತೊಡಿಸಿ, ಬಟ್ಟೆಯಲ್ಲಿ ಗದ್ದ ಕಟ್ಟಬೇಕು. ಇಲ್ಲದಿದ್ದರೆ ಕೆನ್ನೆ ಒಳಗೆ ಹೋಗಿ ಮುಖ ಗುರುತೇ ಸಿಗದಂತಾಗುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಇಳಿಸಿದಾಗ ಊರಿನವರು ನೋಡುವುದು ಆ ಮುಖವನ್ನು.